ನೂರೊಂದು ಗೇಣಿನ ಕಂಬಳಿ

ಒಂದಾನೊಂದು ಊರು. ಹೆಸರು ಕೇಳಬೇಡಿ, ನನಗೆ ಕಥೆ ಹೇಳಿದವರೂ ಹೇಳಲಿಲ್ಲ. ಅಲ್ಲಿ ಮಾಳಿಂಗ ಅಂತ ಒಬ್ಬ ಕಂಬಳಿ ನೇಯುವವನಿದ್ದನಂತೆ. ಹೆಂಡತಿ ಕೆಂಚವ್ವ. ಆಕೆ ಉಣ್ಣೆ ನೂಲಬೇಕು, ಅವನು ನೇಯಬೇಕು. ಆಕೆಗೆ ನೇಯಲು ಬಾರದು.

ಮಾಳಿಂಗ ಶುರು ಮಾಡುವುದರಲ್ಲಿ ಎತ್ತಿದ ಕೈ. ಮೊದಲ ದಿನ ಊಟ ಬಿಟ್ಟು ಮೂರು ಮೊಳ ನೇಯುವನು. ಎರಡನೆಯ ದಿನ ಸೊಂಟ ಹಿಡಿದುಕೊಂಡು ಮಲಗುವನು. ಮೂರನೆಯ ದಿನ ಕಟ್ಟೆಯ ಮೇಲೆ ಕೂತು, ಮೊದಲ ದಿನ ಎಷ್ಟು ನೇಯ್ದೆ ಅಂತ ಹೇಳುವನು. ಅಲ್ಲಿಗೆ ಮುಗಿಯಿತು. ಅವನು ಕೂತು ನೇಯುವ ಮಗ್ಗದ ಗುಂಡಿಯಲ್ಲಿ ಕೋಳಿ ಕಾವು ಕೂತು ಮರಿ ಮಾಡಿ, ಆ ಮರಿಗಳೂ ಅಲ್ಲೇ ಮೊಟ್ಟೆಯಿಟ್ಟವಂತೆ.

ನೂಲಿಗೆ ಹಚ್ಚುವ ಗಂಜಿಗೆ ಹುಣಸೆಬೀಜ ಬೇಕು. ಒಂದು ದಿನ ಗಂಡಹೆಂಡಿರು ಊರಾಚೆಯ ಹುಣಸೆಮರಕ್ಕೆ ಹೋದರು. ಮಾಳಿಂಗ ಹುರುಪಿನಿಂದ ಹತ್ತಿ ಕೊಂಬೆ ಜಗ್ಗಿದ. ಕೊಂಬೆ ಮುರಿಯಿತು. ಅದರ ಮೇಲೆ ಮಲಗಿದ್ದ ದೆವ್ವವೂ ಕೆಳಗೆ ಬಿತ್ತಂತೆ.

"ನನ್ನ ಹಾಸಿಗೆ ಮುರಿದೆಯಲ್ಲೋ. ನಿನ್ನನ್ನು ತಿನ್ನುತ್ತೇನೆ."

ಮಾಳಿಂಗ ಕೈಮುಗಿದು, ಹಾಸಿಗೆಗೆ ಬದಲು ಕಂಬಳಿ ಕೊಡುತ್ತೇನೆ ಅಂದ. ದೆವ್ವದ ಕಾಲು ಉದ್ದ. ನೂರೊಂದು ಗೇಣು ಬೇಕು ಅಂತು. ಅದೇನು ಮಹಾ, ನಾಳೆ ಸಂಜೆಗೇ ಮುಗಿಸುತ್ತೇನೆ ಅಂತ ಮಾಳಿಂಗ ಎದೆ ಉಬ್ಬಿಸಿದ. ಕೆಂಚವ್ವ ಅಡ್ಡ ಬಂದಳು.

"ಇವನ ಮಾತು ಕೇಳಬೇಡಪ್ಪ. ದಿನಕ್ಕೊಂದು ಗೇಣು ಬಟ್ಟೆ ಮಗ್ಗದ ಮೇಲೆ ಏಳುತ್ತದೆ. ಏಳದ ದಿನ ಇವನನ್ನು ತಿನ್ನು."

ಮಾಳಿಂಗನ ಗುಣ ದೆವ್ವಕ್ಕೂ ಗೊತ್ತಿತ್ತು. ಮೂರನೆಯ ದಿನಕ್ಕೇ ಊಟ ಸಿಕ್ಕಿತು ಅಂತ ಒಪ್ಪಿತಂತೆ.

ಮೊದಲ ದಿನ ಮಾಳಿಂಗ ಗೇಣು ನೇಯ್ದ. ಇನ್ನೂ ನೇಯಲು ಹೋದ. ಕೆಂಚವ್ವ ಲಾಳಿ ಕಸಿದುಕೊಂಡಳು.

"ಏಳು. ಇವತ್ತಿನದು ಆಯಿತು."

"ಮೈಯಲ್ಲಿ ಇನ್ನೂ ಹುರುಪಿದೆ ಕಣೆ."

"ಅದು ನಾಳೆಗಿರಲಿ."

ದೀಪ ಹಚ್ಚುವ ಹೊತ್ತಿಗೆ ದೆವ್ವ ಬಂತು. ಅಳೆಯಿತು. "ಇವತ್ತು ಉಳಿದೆ, ನಾಳೆ ನೋಡೋಣ" ಅಂತ ಹೋಯಿತು. ಎರಡನೆಯ ದಿನ ಸೊಂಟ ನೋಯಲಿಲ್ಲ. ಮೂರನೆಯ ದಿನ ಕಟ್ಟೆ ನೆನಪಾಯಿತು, ದೆವ್ವದ ಹಲ್ಲೂ ನೆನಪಾಯಿತು. ಕೂತು ನೇಯ್ದ. ದೆವ್ವ ಬಂತು, ಅಳೆಯಿತು. "ಇವತ್ತು ಉಳಿದೆ, ನಾಳೆ ನೋಡೋಣ."

ಹೀಗೇ ಹತ್ತು ದಿನ, ಇಪ್ಪತ್ತು ದಿನ. ದೆವ್ವ ಬೇಗ ಬಂದು ತೊಲೆಯ ಮೇಲೆ ಕಾಲು ಇಳಿಬಿಟ್ಟು ಕೂರತೊಡಗಿತು. ಬೇಸರವಾಗಿ ನೂಲಿನ ಉಂಡೆ ಸುತ್ತಿಕೊಟ್ಟಿತು. ನೂಲು ಹರಿದರೆ ತಾನೇ ಗಂಟು ಹಾಕಿತು. ಐವತ್ತು ದಿನಕ್ಕೆ ಮಾಳಿಂಗ ಹಲ್ಲು ಮರೆತ. ಹೊತ್ತಾದರೆ ಕೈ ತಾನಾಗಿ ಲಾಳಿಗೆ ಹೋಗುತ್ತಿತ್ತಂತೆ.

ನೂರು ಗೇಣಾಯಿತು. ನೂರೊಂದನೆಯ ದಿನ ಮಾಳಿಂಗನಿಗೆ ಕೆಂಡದಂಥ ಜ್ವರ. ಏಳಲು ಹೋಗಿ ಬಿದ್ದ. ಕೆಂಚವ್ವ ಒನಕೆ ಹಿಡಿದು ಅವನ ಪಕ್ಕ ಕೂತಳು.

ದೆವ್ವ ಬಂತು. ಮಗ್ಗದ ಮೇಲೆ ನೂರೇ ಗೇಣು. ತುಟಿ ನೆಕ್ಕಿಕೊಂಡಿತು. ಮಾಳಿಂಗನ ಕಡೆ ಒಂದು ಹೆಜ್ಜೆ ಇಟ್ಟಿತು, ನಿಂತಿತು. ಮಗ್ಗದ ಕಡೆ ತಿರುಗಿತು.

"ಈ ಹೊತ್ತಿಗೆ ಲಾಳಿ ಸದ್ದು ಬರಬೇಕಿತ್ತಲ್ಲ."



ದೆವ್ವ ಕೈ ಉಜ್ಜಿಕೊಂಡಿತು. ಕೂತಿತು, ಎದ್ದಿತು. ತಡೆಯಲಾಗಲಿಲ್ಲ. ಗುಂಡಿಗಿಳಿದು ಕಾಲು ಮಡಚಿಕೊಂಡು ಒಂದು ಗೇಣು ನೇಯ್ದಿತು. ಅಳೆಯಿತು. "ಇವತ್ತು ಉಳಿದೆ, ನಾಳೆ ನೋಡೋಣ" ಅಂತ ಹೊರಟೇ ಹೋಯಿತಂತೆ.

ಮರ ಹತ್ತಿದ ಮೇಲೆ ತಿನ್ನಬೇಕಿದ್ದುದು ನೆನಪಾಯಿತು. ಓಡಿ ಬಂತು. ಅಷ್ಟರಲ್ಲಿ ಕೆಂಚವ್ವ ಮಗ್ಗದಿಂದ ಕಂಬಳಿ ಕೊಯ್ದು, ಮಡಚಿ, ಬಾಗಿಲಲ್ಲಿ ನಿಂತಿದ್ದಳು.

"ನೂರೊಂದು ಗೇಣು. ಅಳೆದವನು ನೀನೇ."

ದೆವ್ವ ತಲೆ ಕೆರೆದುಕೊಂಡಿತು. ನಕ್ಕಿತು. ಕಂಬಳಿ ಹೊದ್ದು ಹೋಯಿತು.

ಮೂರು ದಿನಕ್ಕೆ ಜ್ವರ ಬಿಟ್ಟಿತು. ಸಂಜೆ ಮಾಳಿಂಗ ಎದ್ದು ಗುಂಡಿಗಿಳಿದ. ದೆವ್ವದ ಕಂಬಳಿ ಕೊಟ್ಟಾಯಿತಲ್ಲ, ಇದು ಯಾರಿಗೆ ಅಂತ ಕೆಂಚವ್ವ ಕೇಳಿದಳು.

"ಹೊತ್ತಾಯಿತು" ಅಂದ ಮಾಳಿಂಗ.

ಅವಳು ತಲೆಯೆತ್ತಿದಳು. ತೊಲೆಯಿಂದ ಎರಡು ಉದ್ದನೆಯ ಕಾಲು ಇಳಿಬಿದ್ದಿದ್ದವು. ಅದಕ್ಕೂ ಹೊತ್ತಾಗಿತ್ತಂತೆ.

ಕೋಳಿಗಳು ಮಾತ್ರ ಬೇರೆ ಜಾಗ ನೋಡಿಕೊಂಡವು. ಕಂಬಳಿ ಅವರಿಗೆ, ಕಥೆ ನಿಮಗೆ. ನನಗೆ ಊಟದ ಹೊತ್ತು.