ಪೂಜೆಗೆ ಕುಳಿತ ಪಿಸ್ತೂಲುಗಳು

ಆಯುಧಪೂಜೆಯ ದಿನ ಒಡವೆ ವ್ಯಾಪಾರಿ ಚನ್ನವೀರಪ್ಪನ ಎರಡು ಪಿಸ್ತೂಲುಗಳು ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲೆ ಕುಳಿತಿದ್ದವು.

"ನಾನು ಸೊಂಟದ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತೇನೆ. ನನ್ನನ್ನು ನೋಡಿ ಯಾರೂ ಯಜಮಾನರ ಹತ್ತಿರ ಸುಳಿಯುವುದಿಲ್ಲ," ಎಂದಿತು ದೊಡ್ಡದು. "ನೀನು ಅಂಗಿಯೊಳಗೆ ಅಡಗಿರುತ್ತೀಯ. ಜನ ಬಂದು ತಬ್ಬಿಕೊಳ್ಳುತ್ತಾರೆ. ನಿನ್ನದೇ ಪುಣ್ಯ."

"ತಬ್ಬಿಕೊಳ್ಳುತ್ತಾರೆ," ಎಂದಿತು ಚಿಕ್ಕದು. "ಆಮೇಲೆ ಕೈಗೆ ನಾನು ತಗಲುತ್ತೇನೆ. ಆ ಕೈ ಸಡಿಲವಾಗುವುದನ್ನು ನೀನು ಕಂಡಿಲ್ಲ."

ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಚನ್ನವೀರಪ್ಪ ಪಿಸ್ತೂಲಿಲ್ಲದೆಯೇ ಹೊರಟ. ಬಾಗಿಲಲ್ಲಿ ಪುಟ್ಟ ಮಗಳು ಓಡಿಬಂದು ಅವನ ಸೊಂಟ ತಬ್ಬಿ, ಕೆನ್ನೆ ಒತ್ತಿ, ಎಷ್ಟು ಹೊತ್ತಾದರೂ ಬಿಡಲಿಲ್ಲ.

ಪಿಸ್ತೂಲುಗಳು ನೋಡುತ್ತಲೇ ಇದ್ದವು.

ಮರುದಿನ ಅವನು ಮಣೆಯ ಮುಂದೆ ನಿಂತು, ಯಾವುದನ್ನು ತೆಗೆದುಕೊಳ್ಳಲಿ ಎಂದು ಯೋಚಿಸಿದ.

"ಇವತ್ತೂ ಹಬ್ಬ ಅಂದುಕೊಳ್ಳಿ ಯಜಮಾನರೇ," ಎಂದವು ಎರಡೂ.