ಜಾಗ ಬಿಡದ ಬೆರ್ಚಪ್ಪ

ಮುದ್ದೇಗೌಡ ಎಂಬ ರೈತನಿಗೆ ಚಂಪಾ ಎಂಬ ಐದು ವರ್ಷದ ಮಗಳಿದ್ದಳು. ಶಾಲೆಯ ವಾರ್ಷಿಕೋತ್ಸವಕ್ಕೆ ಸಣ್ಣ ಮಕ್ಕಳಿಗೆಲ್ಲ ವೇಷ ಹಾಕಿಸಿ ಕರೆತನ್ನಿ ಎಂದು ಹೆಡ್‌ಮಾಸ್ಟರು ಹೇಳಿ ಕಳಿಸಿದರು. ಊರವರು ಸಾಲುಗಟ್ಟಿ ಪೇಟೆಯ ಅಂಗಡಿಗೆ ಹೋದರು. ರಾಜನೋ, ರಾಣಿಯೋ, ದೇವರೋ, ಅಂತೂ ಮಿರಮಿರ ಮಿಂಚುವ ಒಂದೊಂದು ವೇಷವನ್ನು ಬಾಡಿಗೆಗೆ ಗೊತ್ತುಮಾಡಿ ಬಂದರು.

ಮುದ್ದೇಗೌಡ ಮಾತ್ರ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದ. "ನೀನು ಏನಾಗ್ತೀಯವ್ವಾ?"

"ನಮ್ಮ ಹೊಲದ ಬೆರ್ಚಪ್ಪ ಆಗ್ತೀನಿ ಕಣಪ್ಪ."

ಬೆರ್ಚಪ್ಪ ಅಂದರೆ ಹಕ್ಕಿಪಕ್ಷಿ ಬೆದರಿಸಲು, ಬೆಳೆಗೆ ದೃಷ್ಟಿ ತಾಗದಿರಲು ಪೈರಿನ ನಡುವೆ ನಿಲ್ಲಿಸುವ ಬೊಂಬೆ. ವರ್ಷವರ್ಷವೂ ಅಪ್ಪ ಅದನ್ನು ಕಟ್ಟುವಾಗ ಹಗ್ಗದ ತುದಿ ಹಿಡಿದುಕೊಳ್ಳುವವಳು ಚಂಪಾ. ಅವಳು ಕಂಡ ರಾಜ, ಅವಳು ಕಂಡ ವೀರ ಆ ಬೆರ್ಚಪ್ಪನೊಬ್ಬನೇ.

ರಾಗಿ ಕೇರುತ್ತಿದ್ದ ಹೆಂಡತಿ ದೇವೀರಮ್ಮ ಮೊರವನ್ನು ಕೆಳಗಿಟ್ಟಳು. "ನಿಮಗೆ ಬುದ್ಧಿ ನೆಟ್ಟಗಿದೆಯಾ? ದೃಷ್ಟಿ ತಾಗದಿರಲಿ ಅಂತ ನಿಲ್ಲಿಸೋ ಬೊಂಬೆಯ ವೇಷವನ್ನ ಹೆತ್ತ ಮಗೀಗೆ ಹಾಕ್ತಾರಾ? ಕಂಡೋರ ಕಣ್ಣೆಲ್ಲ ಇವಳ ಮೇಲೇ ಬೀಳಲ್ವಾ?"

"ಊರ ದೃಷ್ಟಿನೆಲ್ಲ ನುಂಗಿಕೊಂಡು ನಿಲ್ಲೋನು ಕಣೇ ಅವನು. ಅವನಿಗೇ ದೃಷ್ಟಿ ತಗುಲಿಸೋ ಕಣ್ಣು ಯಾರಿಗಿದೆ?"

"ಮಾತಿಗೇನೂ ಬರ ಇಲ್ಲ ನಿಮಗೆ," ಎಂದಳು ದೇವೀರಮ್ಮ. ಎಂದವಳು ಎದ್ದು ಹೋಗಿ ಸೂಜಿ ದಾರ ತಂದಳು.

ಮುದ್ದೇಗೌಡ ದೇವರ ಗೂಡಿನ ಮುಂದೆ ಕೈಮುಗಿದು ಕೆಲಸಕ್ಕೆ ಕೂತ. ತನ್ನದೇ ಗೀಟು ಗೀಟಿನ ಹಳೆಯ ಅಂಗಿಯನ್ನು ಮಗಳ ಮೊಣಕಾಲಿನವರೆಗೆ ಬರುವಂತೆ ಕತ್ತರಿಸಿದ. ಅಂಗಿಯ ತೋಳುಗಳಿಗೆ, ಹೊಲದ ಬೊಂಬೆಗೆ ತುರುಕುವಂತೆಯೇ ಒಣಹುಲ್ಲು ತುರುಕಿದ. ಹಾಕಿ ನೋಡಿದರೆ ಮಗು ಪರಪರ ಕೆರೆದುಕೊಂಡು, ತೋಳೆಲ್ಲ ಕೆಂಪು ಮಾಡಿಕೊಂಡಿತು. "ಹೊಲದೋನಿಗೆ ಚರ್ಮ ಇಲ್ಲ, ಇವಳಿಗೆ ಇದೆ," ಎಂದು ದೇವೀರಮ್ಮ ಗಂಡನನ್ನು ಗದರಿ, ಒಳಗಡೆಗೆ ತನ್ನ ಮೆತ್ತನೆಯ ಸೀರೆ ತುಂಡನ್ನು ಹೊಲಿದಳು. ಹುಲ್ಲು ಅಂಚಿನಲ್ಲಿ ಮಾತ್ರ ಉಳಿಯಿತು. ತಲೆಗೆ ಮಡಕೆ ಭಾರವಾಗುತ್ತದೆಂದು ಬಿದಿರು ಕುಕ್ಕೆಯೊಂದನ್ನು ಬೋರಲು ಹಾಕಿ, ಮಸಿ ಬಳಿದು ಸುಣ್ಣದ ಚುಕ್ಕಿ ಇಟ್ಟರು. ಮುಖ ಬಯಲಾಗಿಯೇ ಇತ್ತು. ಅಲ್ಲಿಗೆ ಇದ್ದಿಲಿನ ಮೀಸೆ ಬಂತು.

"ಕೈಗೆ ಕೋಲು ಕಟ್ಟಲ್ವಾ ಅಪ್ಪಾ?"

"ಇಲ್ಲ ಮಗಳೇ. ಕೈ ನೀನೇ ಚಾಚಬೇಕು. ಬೆರ್ಚಪ್ಪನ ಕೆಲಸ ಒಂದೇ. ನಿಲ್ಲಿಸಿದ ಕಡೆ ನಿಲ್ಲೋದು. ಪೈರು ಮನೆ ಸೇರೋ ತನಕ ಕದಲಬಾರದು."

ಚಂಪಾ ಆ ಮಾತನ್ನು ದೇವರ ಮಾತಿನ ಹಾಗೆ ಕೇಳಿಸಿಕೊಂಡಳು.

ಉತ್ಸವದ ದಿನ ಶಾಲೆಯ ಅಂಗಳದ ತುಂಬ ಕಿರೀಟಗಳು. ಆದರೆ ಕಿರೀಟ ತೊಟ್ಟ ಒಂದು ಮಗುವೂ ಕೂತಿರಲಿಲ್ಲ, ಓಡುತ್ತಿರಲಿಲ್ಲ. "ಕೂತರೆ ಜರಿ ಕಿತ್ತೋಗ್ತದೆ," "ನೀರು ಕುಡೀಬೇಡ, ಚೆಲ್ಲಿಕೊಳ್ತೀಯ," "ಅಂಗಡಿಯೋನು ಬೈತಾನೆ," ಎಂದು ತಾಯಂದಿರು ಗದರುತ್ತಲೇ ಇದ್ದರು. ರಾಜರೆಲ್ಲ ಅಳುಮೋರೆ ಹಾಕಿಕೊಂಡಿದ್ದರು. ಚಂಪಾ ಮಣ್ಣಿನಲ್ಲಿ ಚಕ್ಕಳಮಕ್ಕಳ ಕೂತು ಪುರಿ ತಿನ್ನುತ್ತಿದ್ದಳು.

ಹೆಡ್‌ಮಾಸ್ಟರು ಅವಳನ್ನು ಕಂಡು ಹೌಹಾರಿದರು. "ಏನ್ರೀ ಗೌಡ್ರೇ ಇದು! ಮುಖ್ಯ ಅತಿಥಿಗಳು ಬರೋ ಹೊತ್ತಿನಲ್ಲಿ ಎದುರಿಗೆ ದೃಷ್ಟಿಬೊಂಬೆ ನಿಲ್ಲಿಸ್ತೀರಾ? ಒಂದು ಕೃಷ್ಣನ ವೇಷ ಹೆಚ್ಚಿಗೆ ಇದೆ. ಇದನ್ನ ಬಿಚ್ಚಿ ಅದನ್ನ ಹಾಕಿ. ಇಲ್ಲದಿದ್ದರೆ ವೇದಿಕೆ ಹತ್ತಿಸಲ್ಲ."

ಸುತ್ತ ನಿಂತವರು ಕಿಸಕ್ಕನೆ ನಕ್ಕರು. ಮುದ್ದೇಗೌಡ ಮಗಳ ಕಡೆ ನೋಡಿದ. ಚಂಪಾ ಅಳಲಿಲ್ಲ. ಕುಕ್ಕೆಯನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡಳು, ಅಷ್ಟೇ. ಅದು ಅವನಿಗೆ ಸಾಕಾಯಿತು.

"ಕೃಷ್ಣ ಪರಮಾತ್ಮನಿಗೆ ದಿನಾ ಕೈಮುಗಿಯೋನು ನಾನು ಸಾರ್," ಎಂದ ನಿಧಾನವಾಗಿ. "ಆದರೆ ನನ್ನ ಹೊಲ ಕಾಯೋನು ಕೀಳು ಅಂತ ನನ್ನ ಮಗಳ ಮುಂದೆ ನಾನು ಒಪ್ಪಲ್ಲ. ವೇದಿಕೆ ನಿಮ್ಮದು, ಇಟ್ಟುಕೊಳ್ಳಿ. ವೇಷ ನಮ್ಮದು, ಬಿಚ್ಚಲ್ಲ."

"ಹಾಗಾದರೆ ಅಲ್ಲಿ ಬಾಳೆಹಣ್ಣು ಕಾಯೋಕೆ ನಿಲ್ಲಿಸಿ ನಿಮ್ಮ ಬೊಂಬೇನ!" ಎಂದರು ಹೆಡ್‌ಮಾಸ್ಟರು.

ಹಂಗಿಸಿ ಆಡಿದ ಮಾತು ಅದು. ಮುದ್ದೇಗೌಡ ಹಾಗೆಯೇ ಮಾಡಿದ. ಮಕ್ಕಳಿಗೆ ಹಂಚಲು ತಂದ ಹಣ್ಣಿನ ಬುಟ್ಟಿಗಳು ಹೊಂಗೆ ಮರದ ಕೆಳಗಿದ್ದವು. ಚಂಪಾ ಅಲ್ಲಿ ಎರಡೂ ಕೈ ಚಾಚಿ ನಿಂತಳು. ಅವಳಪ್ಪ ನಾಲ್ಕು ಹೆಜ್ಜೆ ಹಿಂದೆ ನಿಂತ.

ಅತಿಥಿಯಾಗಿ ಬಂದವರು ಒಬ್ಬ ಮುದುಕಿ ಟೀಚರಮ್ಮ. ಸ್ವಾಗತ ಭಾಷಣ ಶುರುವಾಯಿತು, ಮುಗಿಯುವ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಶಾಲೆಯ ಹೆಂಚಿನ ಮೇಲೆ ದಡದಡ ಸದ್ದು. ಕೋತಿಯ ಹಿಂಡು! ಒಂದೊಂದಾಗಿ ಮರಕ್ಕೆ ಹಾರಿ, ಕೊಂಬೆ ಜಗ್ಗಿಕೊಂಡು, ಬುಟ್ಟಿಯ ಕಡೆಗೆ ಇಳಿದವು. ಮುದ್ದೇಗೌಡ ಕೋಲಿಗಾಗಿ ಬಗ್ಗಿದ.

ಅವನು ಎದ್ದು ನಿಲ್ಲುವ ಮೊದಲೇ, ಅಲ್ಲಾಡದೆ ನಿಂತಿದ್ದ ಬೊಂಬೆ ಇದ್ದಕ್ಕಿದ್ದ ಹಾಗೆ ಬಾಯಿ ತೆರೆದು, "ಹೋ... ಹೋಯ್!" ಎಂದು ಕೂಗಿತು. ಅದು ಹೊಲದಲ್ಲಿ ಅಪ್ಪ ಕೂಗುವ ಕೂಗೇ. ಬೊಂಬೆ ಕೂಗುವುದನ್ನು ಆ ಕೋತಿಗಳು ಯಾವ ಹೊಲದಲ್ಲೂ ಕಂಡಿರಲಿಲ್ಲ. ಬಿದ್ದೆನೋ ಕೆಟ್ಟೆನೋ ಎಂದು ಹೆಂಚು ಉದುರಿಸಿಕೊಂಡು ಓಡಿದವು.

ಸಭೆ ಘೊಳ್ಳೆಂದು ನಕ್ಕಿತು. ಟೀಚರಮ್ಮ ಕನ್ನಡಕ ಏರಿಸಿ ನೋಡಿ, "ಯಾರದು ಆ ಮೀಸೆಯ ಕೂಸು? ಮೇಲೆ ಕರೆಸಿ," ಎಂದರು. ಹೆಡ್‌ಮಾಸ್ಟರು ತಾವೇ ಓಡಿ ಬಂದರು.

"ಬಾಮ್ಮಾ, ವೇದಿಕೆಗೆ ಬಾ."

"ಬರಲ್ಲ ಸಾರ್," ಎಂದಳು ಚಂಪಾ. ಚಾಚಿದ ಕೈ ಚಾಚಿದಂತೆಯೇ ಇತ್ತು. "ಪೈರು ಮನೆ ಸೇರೋ ತನಕ ಬೆರ್ಚಪ್ಪ ಜಾಗ ಬಿಟ್ಟು ಬರಲ್ಲ."

ಎಷ್ಟು ಕರೆದರೂ ಅದೇ ಉತ್ತರ. ಕೊನೆಗೆ ಟೀಚರಮ್ಮನೇ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಮರದ ಕೆಳಗೆ ಬಂದರು. ಅಲ್ಲೇ ನಿಂತು ಒಂದೊಂದು ಮಗುವಿಗೂ ಹಣ್ಣು ಹಂಚಿದರು. ಕೊನೆಯ ಹಣ್ಣನ್ನು ಚಂಪಾಳ ಕೈಯಲ್ಲಿಟ್ಟು, "ಪೈರು ಮನೆ ಸೇರಿತು ಕಣಪ್ಪ ಬೆರ್ಚಪ್ಪ," ಎಂದರು. ಆಗ ಅವಳ ಕೈ ಇಳಿಯಿತು. "ಅಪ್ಪಾ, ತೋಳು ನೋಯ್ತದೆ," ಎಂದು ಓಡಿಹೋಗಿ ಅಪ್ಪನನ್ನು ತಬ್ಬಿಕೊಂಡಳು.

ಹೆಡ್‌ಮಾಸ್ಟರು ಬೆವರು ಒರೆಸಿಕೊಂಡರು. "ಬೆರ್ಚಪ್ಪ ಇಷ್ಟು ದೊಡ್ಡವನು ಅಂತ ಮೊದಲೇ ಹೇಳಬಾರದಿತ್ತೇ ಗೌಡ್ರೇ?"

"ಹೇಳಿದ್ದೆ ಸಾರ್," ಎಂದ ಮುದ್ದೇಗೌಡ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ವೇಷ ಬಿಚ್ಚದೆಯೇ, ಊರ ನಡುಬೀದಿಯಲ್ಲಿ ಮನೆಗೆ ನಡೆದ.

ನೀತಿ: ಬಾಡಿಗೆಗೆ ತಂದ ಹಿರಿಮೆಯನ್ನು ಸಂಜೆಗೆ ಹಿಂದಿರುಗಿಸಬೇಕು, ಮನೆಯವರ ಕೈಯಿಂದ ಬಂದದ್ದು ಮೈಗೆ ಅಂಟಿ ಉಳಿಯುತ್ತದೆ. ನಮ್ಮದನ್ನು ಯಾರಾದರೂ ಕೀಳೆಂದರೆ ಬಿಚ್ಚಿ ಬಚ್ಚಿಡಬಾರದು. ತೊಟ್ಟುಕೊಂಡೇ ನಮ್ಮ ಜಾಗದಲ್ಲಿ ನಮ್ಮ ಕೆಲಸ ಮಾಡುತ್ತ ನಿಲ್ಲಬೇಕು. ಬರಬೇಕಾದವರು ಮೆಟ್ಟಿಲಿಳಿದು ಅಲ್ಲಿಗೇ ಬರುತ್ತಾರೆ. ಬಾರದಿದ್ದರೂ ಹೊಲ ಕಾದ ಪುಣ್ಯವಂತೂ ನಮ್ಮದೇ.