ಹದಿನೈದು ದಿನ ಮಲಗುವ ಮದ್ದು

"ಗುರುಗಳೇ, ರೋಗವನ್ನು ಸರಿಯಾಗಿ ಗುರುತಿಸಿ, ಸರಿಯಾದ ಮದ್ದು ಹೇಳಿದರೆ ವೈದ್ಯನ ಕೆಲಸ ಮುಗಿದಂತೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುಂಬಾರನ ಹೆಂಡತಿ ಕತ್ತೆಯ ಬೆನ್ನಿಂದ ಮಣ್ಣು ಇಳಿಸುತ್ತಿದ್ದಳು. ಕತ್ತೆ ಅವಳ ಬಲ ಪಕ್ಕೆಗೆ ಒದ್ದಿತು. ಚರ್ಮ ಹರಿಯಲಿಲ್ಲ, ಒಂದು ಹನಿ ರಕ್ತ ಕಾಣಲಿಲ್ಲ. ಪೆಟ್ಟು ಬಿದ್ದದ್ದು ಪಕ್ಕೆಗೆ, ನೋವು ಮಾತ್ರ ಬಲ ಭುಜದವರೆಗೂ ಇತ್ತು. ಭುಜದ ನೋವು ಹೇಳಿದರೆ ಅತ್ತೆ ನಗುತ್ತಾಳೆಂದು ಅವಳು ಬಾಯಿ ಬಿಡಲಿಲ್ಲ. ಗಂಡ ಕರೆಸಿದ ವೈದ್ಯ ಬಂದು ಕೇಳಿದ ಮೇಲೆ ಹೇಳಿದಳು.

ವೈದ್ಯ ನಗಲಿಲ್ಲ. ನಾಡಿ ಹಿಡಿದ, ಕಣ್ಣಿನ ರೆಪ್ಪೆ ಎಳೆದು ನೋಡಿದ, ಪಕ್ಕೆಯ ಕೆಳಗೆ ಮೆಲ್ಲನೆ ಬೆರಳಿಟ್ಟ.

"ಒಳಗೆ ಯಕೃತ್ತು ಸೀಳಿದೆ. ರಕ್ತ ಹೆಪ್ಪುಗಟ್ಟಿ ಸೀಳನ್ನು ಮುಚ್ಚಿಕೊಂಡಿದೆ. ಹದಿನೈದು ದಿನ ಏಳಬಾರದು, ಹೊಟ್ಟೆ ಉಜ್ಜಬಾರದು. ಮೈ ತಣ್ಣಗೆ ಬೆವರಿದರೆ ತಡಮಾಡದೆ ಪಟ್ಟಣದ ಶಸ್ತ್ರವೈದ್ಯರಲ್ಲಿಗೆ ಒಯ್ಯಿರಿ."

"ಮದ್ದು?" ಎಂದಳು ಅತ್ತೆ.

"ಮಲಗುವುದೇ ಮದ್ದು."

"ಅಯ್ಯೋ ಶಿವನೇ, ಇಂಥ ರೋಗ ನನಗೊಂದು ದಿನ ಬರಬಾರದೇ!"

ಮೂರು ದಿನ ಸೊಸೆ ಮಲಗಿದಳು. ಅತ್ತೆ ಪಾತ್ರೆ ಕುಕ್ಕುವುದು ಕೇಳಿಸುತ್ತಿತ್ತು. ಮಗು ಅತ್ತೂ ಅತ್ತೂ ಸುಮ್ಮನಾಗುವುದೂ ಕೇಳಿಸುತ್ತಿತ್ತು. ಸುಡಲು ಆವಿಗೆಗೆ ಒಟ್ಟಬೇಕಾದ ಹಸಿ ಮಡಕೆಗಳು ಅಂಗಳದಲ್ಲೇ ಇದ್ದವು. ಗಂಡ ಅವುಗಳನ್ನು ನೋಡುತ್ತಿದ್ದ, ಆಮೇಲೆ ಅವಳನ್ನು ನೋಡುತ್ತಿದ್ದ.

ನಾಲ್ಕನೆಯ ದಿನ ಅತ್ತೆ ಹೊಟ್ಟೆ ನೀವಿ ಬಟ್ಟಿ ತೆಗೆಯುವ ಮುದುಕಿಯನ್ನು ಕರೆತಂದಳು. ಹೊಕ್ಕುಳ ಬಟ್ಟಿ ಸರಿದಿದೆ, ಎಳೆದು ಕೂರಿಸಿದರೆ ಸಂಜೆಗೇ ಎದ್ದು ಓಡಾಡುತ್ತಾಳೆ ಎಂದಳು ಮುದುಕಿ. ಬೇಡವೆನ್ನಲು ಸೊಸೆಗೆ ಬಾಯಿ ಬರಲಿಲ್ಲ. ಮೂರು ದಿನ ಮಲಗಿ ಉಂಡ ತಪ್ಪು ತಲೆಯ ಮೇಲಿತ್ತಲ್ಲ! ಮುದುಕಿ ಹರಳೆಣ್ಣೆ ಹಚ್ಚಿ, ಎರಡೂ ಕೈಯಿಂದ ಹೊಟ್ಟೆಯನ್ನು ಒತ್ತಿ ನೀವಿದಳು. ಒಳಗಿನ ಹೆಪ್ಪು ಕಿತ್ತುಬಂತು. ಹೊಟ್ಟೆ ಉಬ್ಬಿತು, ಮೈ ತಣ್ಣಗೆ ಬೆವರಿತು. ಗಾಡಿ ಕಟ್ಟುವಷ್ಟರಲ್ಲಿ ಜೀವ ಹೋಯಿತು.

ಹೆಣದ ಮುಂದೆ ಅತ್ತೆ ಎದೆ ಬಡಿದುಕೊಂಡು ಅತ್ತಳು: "ಬಂಗಾರದಂಥ ಸೊಸೆ! ಒಂದು ದಿನ ಮಲಗಿದವಳಲ್ಲ!"

ಶಿಷ್ಯನಿಗೆ ಸಿಟ್ಟು ಬಂತು. "ಕೊಂದದ್ದು ಆ ಮನೆಯವರು. ವೈದ್ಯ ಎಲ್ಲವನ್ನೂ ಕೇಳಿ ತಿಳಿದು, ಸರಿಯಾಗಿಯೇ ಹೇಳಿದ್ದ. ಅವನು ಕೇಳದೆ ಬಿಟ್ಟದ್ದು ಏನಿದೆ, ಗುರುಗಳೇ?"

ಗುರುಗಳು ಹೇಳಿದರು: "ಇವಳು ಮಲಗಿದರೆ ಈ ಮನೆಯಲ್ಲಿ ಒಲೆ ಹಚ್ಚುವವರು ಯಾರು ಎಂದು ಕೇಳಲಿಲ್ಲ."